ಐಡಾ ಲುಪಿನೋ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಐಡಾ ಲುಪಿನೋ ಅಂಥ ನಿರ್ದೇಶಕಿ ಸಿನಿಮಾ ಬಿಟ್ಟು ಟಿವಿಯ ಪಾಲಾದದ್ದು ದೊಡ್ಡ ನಷ್ಟವೆಂದು ನೀನು ಕಳೆದ ಪತ್ರದಲ್ಲಿ ಮರುಗಿದ್ದೆ. ಆ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ.

1918ರಲ್ಲಿ ಲಂಡನ್ನಿನ ಕಲಾವಿದರ ಮನೆತನದಲ್ಲಿ ಹುಟ್ಟಿದ ಆಕೆ ಹದಿಹರೆಯದಲ್ಲೇ ನಟಿಯಾಗಿ ಹಾಲಿವುಡ್ಡಿಗೆ ಬಂದವಳು. ವಾರ್ನರ್ ಬ್ರದರ್ಸ್ ಸ್ಟುಡಿಯೋ ಕೊಟ್ಟ ಪಾತ್ರಗಳನ್ನು ಒಲ್ಲೆನೆಂದು ಅಮಾನತಾದಾಗ, ಕೈಕಟ್ಟಿ ಕೂರದೆ, ಕ್ಯಾಮೆರಾದ ಹಿಂದೆ ನಡೆಯುವ ಕೆಲಸವನ್ನು ನೋಡಿ ಕಲಿತಳು. ಆಮೇಲೆ ಪತಿ ಕಾಲಿಯರ್ ಯಂಗ್ ಜೊತೆಗೂಡಿ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದಳು. 1949ರ 'ನಾಟ್ ವಾಂಟೆಡ್' ಚಿತ್ರೀಕರಣದ ಆರಂಭದಲ್ಲೇ ನಿರ್ದೇಶಕ ಎಲ್ಮರ್ ಕ್ಲಿಫ್ಟನ್‌ಗೆ ಹೃದಯಾಘಾತವಾಯಿತು. ಉಳಿದದ್ದನ್ನು ಈಕೆಯೇ ಮುಗಿಸಿದರೂ ಪರದೆಯ ಮೇಲೆ ನಿರ್ದೇಶಕನೆಂದು ಅವನ ಹೆಸರನ್ನೇ ಉಳಿಸಿದಳು. ಮದುವೆಯಿಲ್ಲದೆ ತಾಯಿಯಾದವಳು, ಪೋಲಿಯೋ ತಗುಲಿದ ನರ್ತಕಿ, ಅತ್ಯಾಚಾರಕ್ಕೊಳಗಾದ ಯುವತಿ: ದೊಡ್ಡ ಸ್ಟುಡಿಯೋಗಳು ಮುಟ್ಟಲು ಹಿಂಜರಿಯುತ್ತಿದ್ದ ಇಂಥ ಬದುಕುಗಳನ್ನೇ ಆಕೆ ಕಡಿಮೆ ದುಡ್ಡಿನಲ್ಲಿ ಚಿತ್ರವಾಗಿಸಿದಳು. ಪೋಲಿಯೋದ ಅನುಭವ ಆಕೆಗೆ ಸ್ವತಃ ಇತ್ತೆಂಬುದನ್ನೂ ನೆನಪಿಡು.

ನನ್ನ ಮಟ್ಟಿಗೆ 1953ರ 'ದಿ ಹಿಚ್-ಹೈಕರ್' ಈ ಎಲ್ಲಕ್ಕಿಂತ ಗಟ್ಟಿಯಾದದ್ದು. ಮೀನು ಹಿಡಿಯಲು ಹೊರಟ ಇಬ್ಬರು ಗೆಳೆಯರು ದಾರಿಯಲ್ಲಿ ಒಬ್ಬನನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾರೆ, ಅವನು ಕೊಲೆಗಾರ. ಅವನ ಒಂದು ಕಣ್ಣು ನಿದ್ದೆಯಲ್ಲೂ ಮುಚ್ಚುವುದಿಲ್ಲವಾದ್ದರಿಂದ ಅವನು ಎಚ್ಚರವಾಗಿದ್ದಾನೋ ಮಲಗಿದ್ದಾನೋ ಎಂದು ತಿಳಿಯದೆ ಇಬ್ಬರೂ ರಾತ್ರಿಯಿಡೀ ಕಂಬಳಿಯೊಳಗೆ ಬಿಗಿದುಕೊಂಡು ಬಿದ್ದಿರುತ್ತಾರೆ. ಬಿಲ್ಲಿ ಕುಕ್ ಎಂಬ ನಿಜವಾದ ಹಂತಕನ ಪ್ರಕರಣದಿಂದ ಹುಟ್ಟಿದ ಕಥೆಯಾದರೂ ನೆತ್ತರಿನ ಆರ್ಭಟ ಇಲ್ಲಿಲ್ಲ. ಬಯಲು ಅಷ್ಟು ವಿಶಾಲವಾಗಿದ್ದರೂ ತಪ್ಪಿಸಿಕೊಳ್ಳಲು ಜಾಗವಿಲ್ಲವೆಂಬ ಉಸಿರುಗಟ್ಟುವಿಕೆಯಿದೆ.

ಅದೇ ವರ್ಷ, ಇಬ್ಬರು ಹೆಂಡಿರ ಗಂಡನ ಕಥೆಯಾದ 'ದಿ ಬಿಗಮಿಸ್ಟ್'ನಲ್ಲಿ ತಾನೇ ನಟಿಸಿ ನಿರ್ದೇಶಿಸಿದಳು. ಅಷ್ಟರಲ್ಲಿ ಯಂಗ್‌ನಿಂದ ವಿಚ್ಛೇದನವಾಗಿತ್ತು. ಆದರೂ ಚಿತ್ರಕಥೆ ಅವನದು, ಇನ್ನೊಬ್ಬ ನಾಯಕಿ ಜೋನ್ ಫಾಂಟೇನ್ ಅವನ ಹೊಸ ಹೆಂಡತಿ! ಚಿತ್ರಗಳನ್ನು ಚಿತ್ರಮಂದಿರಗಳಿಗೆ ಹಂಚುವ ಕೆಲಸವನ್ನೂ ತಾವೇ ಮಾಡಹೊರಟು ಅವರ ಸಂಸ್ಥೆ ಸೊರಗಿತು.

ಆಮೇಲಿನದು ಟಿವಿ. ವೆಸ್ಟರ್ನ್, ಭಯಾನಕ, ಹಾಸ್ಯ, ಹೀಗೆ ಸಿಕ್ಕಿದ್ದನ್ನೆಲ್ಲ ಆಕೆ ನಿರ್ದೇಶಿಸಿದಳು. 'ದಿ ಟ್ವಿಲೈಟ್ ಝೋನ್'ನ ಮೂಲ ಸರಣಿಯಲ್ಲಿ ಕಂತು ನಿರ್ದೇಶಿಸಿದ ಏಕೈಕ ಮಹಿಳೆ ಈಕೆ. ಅದು 1964ರ 'ದಿ ಮಾಸ್ಕ್ಸ್'. ಸಾಯುವ ಮುದುಕನೊಬ್ಬ ಆಸ್ತಿಗಾಗಿ ಕಾದಿರುವ ಮನೆಯವರಿಗೆ ನಡುರಾತ್ರಿಯವರೆಗೆ ವಿಕಾರ ಮುಖವಾಡ ತೊಡಿಸುತ್ತಾನೆ. ತೆಗೆದಾಗ ಅವರ ಮುಖಗಳೇ ಹಾಗಾಗಿರುತ್ತವೆ. ಬಹುಪಾಲು ಒಂದೇ ಕೋಣೆಯಲ್ಲಿ ನಡೆಯುವ ಆ ಕಂತನ್ನು ನೋಡಿದವರು ಆಕೆಯ ಕಸುಬು ಟಿವಿಯಲ್ಲಿ ಮಂಕಾಯಿತೆಂದು ಹೇಳಲಾರರು. ಅಲ್ಲಿ ಕೈತಪ್ಪಿದ್ದು ಕಥೆಯ ಆಯ್ಕೆ: ಇನ್ನೊಬ್ಬರು ಬರೆದಿಟ್ಟದ್ದನ್ನು ಕೆಲವೇ ದಿನಗಳಲ್ಲಿ ಚಿತ್ರೀಕರಿಸಿ ಹೊರಡಬೇಕಿತ್ತು. ಮುಂದಿನ ಸಿನಿಮಾ, ಕಾನ್ವೆಂಟ್ ಹುಡುಗಿಯರ ತುಂಟಾಟದ 'ದಿ ಟ್ರಬಲ್ ವಿತ್ ಏಂಜಲ್ಸ್', ಬಂದದ್ದು 13 ವರ್ಷಗಳ ನಂತರ, 1966ರಲ್ಲಿ. ಅದೇ ಕೊನೆಯದೂ ಆಯಿತು. ನೀನು ಮರುಗುವುದಾದರೆ ಆ 13 ವರ್ಷಗಳಿಗೆ ಮರುಗು.

ಸೆಟ್ಟಿನಲ್ಲಿ ಆಕೆಯ ಕುರ್ಚಿಯ ಬೆನ್ನಿನ ಮೇಲೆ 'ನಮ್ಮೆಲ್ಲರ ತಾಯಿ' ಎಂಬರ್ಥದ ಬರಹವಿತ್ತಂತೆ. ಗಂಡಸರ ತಂಡಕ್ಕೆ ಅಪ್ಪಣೆ ಕೊಡಲು ಆಕೆ ಅಮ್ಮನಾಗಬೇಕಾಯಿತಲ್ಲ ಎಂದು ನನಗೆ ತುಸು ಕಸಿವಿಸಿ.

'ಹಿಚ್-ಹೈಕರ್' 71 ನಿಮಿಷಗಳಷ್ಟೇ. ಈ ಭಾನುವಾರ ನೋಡಿ ಬರೆ.

ನಿನ್ನ ಗೆಳೆಯ