ನರದ ಮಾತ್ರೆ ಇಳಿಸಲು ಕೈ ಜೋಡಿಸಿದ ಎಲ್ಲರಿಗೂ

ನರದ ನೋವಿಗೆ ಕೊಡುವ ಪ್ರಿಗಾಬಲಿನ್‌ಗೆ ಒಗ್ಗಿಹೋದವರಿಗೆ ಅದನ್ನು ಮೆಲ್ಲಗೆ ಇಳಿಸಿಕೊಡುವ ಕೆಲಸವನ್ನು ನಮ್ಮ ಪುಟ್ಟ ತಂಡ ಕೋಲಾರದ ಸುತ್ತಮುತ್ತ ಕೈಗೆತ್ತಿಕೊಂಡು ಈ ತಿಂಗಳಿಗೆ ಒಂದು ವರ್ಷ ತುಂಬಿತು. ಬರೀ ವೈದ್ಯರು, ನರ್ಸ್‌ಗಳಿಂದ ಆಗುವ ಕೆಲಸ ಇದಲ್ಲ. ಯಾರು ಏನು ಮಾಡಿದ್ದರಿಂದ ಅನುಕೂಲವಾಯಿತು ಅನ್ನುವುದನ್ನೂ ಸೇರಿಸಿಯೇ ವಂದನೆ ಹೇಳುತ್ತಿದ್ದೇವೆ.

ಮೊದಲು ಮೆಡಿಕಲ್ ಶಾಪಿನವರಿಗೆ. ಖಾಲಿ ಶೀಟು ಚಾಚಿ "ಇದೇ ನರದ ಮಾತ್ರೆ, ತಿಂಗಳಿಗಾಗೋಷ್ಟು ಕೊಡಣ್ಣ" ಅಂದವರಿಗೆ ನೀವು ಆ ಶೀಟನ್ನೇ ತಿರುಗಿಸಿ ತೋರಿಸಿದಿರಿ. ಹಿಂಬದಿಯ ಸಣ್ಣಕ್ಷರದಲ್ಲಿ ಎರಡು ಹೆಸರು: ಮೀಥೈಲ್‌ಕೋಬಾಲಮಿನ್ 750 ಮೈಕ್ರೋಗ್ರಾಂ, ಪ್ರಿಗಾಬಲಿನ್ 75 ಮಿಲಿಗ್ರಾಂ. ಮೊದಲನೆಯದು ಬಿ12 ವಿಟಮಿನ್. ಎರಡನೆಯದು ಮಿದುಳು, ನರಗಳ ಮೇಲೆ ಕೆಲಸ ಮಾಡುವ ಔಷಧ, ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಇಡೀ ಕ್ಯಾಪ್ಸೂಲನ್ನೇ ಶಕ್ತಿ ಮಾತ್ರೆ ಅಂದುಕೊಂಡು ವರ್ಷಗಟ್ಟಲೆ ನುಂಗಿದವರದು ತಪ್ಪಲ್ಲ. ಅವರಿಗೆ ಯಾರೂ ಹೇಳಿರಲಿಲ್ಲ.

ನಾವು ಔಷಧವನ್ನು ದೂರುತ್ತಿಲ್ಲ. ಸಕ್ಕರೆ ಕಾಯಿಲೆಯವರ ಪಾದದ ಉರಿ, ಸರ್ಪಸುತ್ತು ಒಣಗಿದ ಮೇಲೂ ಬಿಡದ ನೋವು, ಇವಕ್ಕೆ ಅದು ನಿಜವಾಗಿ ಕೆಲಸ ಮಾಡುತ್ತದೆ. ನರದ ತುದಿಯಲ್ಲಿ ಕ್ಯಾಲ್ಸಿಯಂ ಒಳಹೋಗುವುದನ್ನು ತಗ್ಗಿಸಿ ನೋವಿನ ಸಂದೇಶವನ್ನು ಮಂದ ಮಾಡುತ್ತದೆ. ಜೊತೆಗೇ ಕೆಲವರಿಗೆ ಹಗುರ ಅಮಲು, ಮನಸ್ಸಿಗೆ ಒಂಥರಾ ನಿರಾಳ. ಅಪಾಯ ಇರುವುದು ಅಲ್ಲೇ. ಇದೇ ಗುಂಪಿನ ಗ್ಯಾಬಪೆಂಟಿನ್ ಹೆಚ್ಚು ನುಂಗಿದಷ್ಟೂ ಕರುಳು ಹೀರುವ ಪಾಲು ಕಡಿಮೆಯಾಗುತ್ತದೆ. ಪ್ರಿಗಾಬಲಿನ್‌ಗೆ ಆ ತಡೆ ಇಲ್ಲ, ಶೇ 90ರಷ್ಟು ರಕ್ತ ಸೇರಿಬಿಡುತ್ತದೆ. ಕುಡಿತ ಅಥವಾ ಬೇರೆ ಚಟ ಇದ್ದವರು ಇದಕ್ಕೆ ಬೇಗ ಸಿಕ್ಕಿಕೊಳ್ಳುತ್ತಾರೆ. ಅಮೆರಿಕ 2005ರಲ್ಲೇ ಇದನ್ನು ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತು, ಬ್ರಿಟನ್ 2019ರ ಏಪ್ರಿಲ್‌ನಲ್ಲಿ.

ಮನೆಯವರಿಗೆ ಎಷ್ಟು ವಂದಿಸಿದರೂ ಕಡಿಮೆ. ಅಭ್ಯಾಸದ ಮಾತ್ರೆ ಅಂತ ಗೊತ್ತಾದ ಕೂಡಲೇ ಡಬ್ಬಿ ಸಮೇತ ಮೋರಿಗೆ ಎಸೆಯದೆ ತಾಳ್ಮೆ ತೋರಿದಿರಿ. ಸುಮಾರು 6 ಗಂಟೆಗೊಮ್ಮೆ ಇದರ ಪ್ರಮಾಣ ರಕ್ತದಲ್ಲಿ ಅರ್ಧಕ್ಕರ್ಧ ಇಳಿಯುತ್ತದೆ. ಹಾಗಾಗಿ ದಿಢೀರನೆ ನಿಲ್ಲಿಸಿದರೆ ಒಂದೆರಡು ದಿನದಲ್ಲೇ ನಿದ್ದೆಗೇಡು, ಬೆವರು, ವಾಕರಿಕೆ, ಭೇದಿ, ಕಾರಣವಿಲ್ಲದ ದಿಗಿಲು ಶುರುವಾಗಬಹುದು, ಕೆಲವರಿಗೆ ಫಿಟ್ಸ್ ಕೂಡ. ಕಾಯಿಲೆ ಮರುಕಳಿಸಿತು ಅಂತ ಇನ್ನೊಂದು ಕ್ಲಿನಿಕ್‌ಗೆ ಓಡಿದರೆ, ಅದೇ ಔಷಧ ಬೇರೆ ಕಂಪನಿ ಹೆಸರಿನಲ್ಲಿ ಮತ್ತೆ ಮನೆಗೆ ಬರುತ್ತದೆ. ಚೀಟಿಯಲ್ಲಿದ್ದಷ್ಟೇ ನುಂಗಿದವರಿಗೂ ಹೀಗಾಗುತ್ತದೆ. ದೇಹ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಈ ವ್ಯತ್ಯಾಸ ತಿಳಿದುಕೊಂಡು ಅಪ್ಪ ಅಮ್ಮಂದಿರನ್ನು ಬಯ್ಯದೆ ಇದ್ದ ಮಕ್ಕಳನ್ನು ಪ್ರೀತಿಯಿಂದ ನೆನೆಯುತ್ತೇವೆ.

ಇಳಿಸುವ ಲೆಕ್ಕ ಇಷ್ಟು. ವಾರಕ್ಕೆ 50ರಿಂದ 100 ಮಿಲಿಗ್ರಾಂಗಿಂತ ಹೆಚ್ಚು ಕಡಿತ ಬೇಡ. ಬೆಳಿಗ್ಗೆ 150, ರಾತ್ರಿ 150 ತೆಗೆದುಕೊಳ್ಳುವವರು ಮೊದಲ ವಾರ ಬೆಳಗಿನದನ್ನು 75 ಮಾಡುತ್ತಾರೆ, ಎರಡನೇ ವಾರ ಎರಡೂ ಹೊತ್ತು 75, ಮೂರನೇ ವಾರ ರಾತ್ರಿ ಮಾತ್ರ 75. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಒಂದೊಂದು ಮೆಟ್ಟಿಲಿಗೆ ಎರಡು ವಾರವೋ ಅದಕ್ಕೂ ಹೆಚ್ಚೋ ಬೇಕು. ಇದೆಲ್ಲ ವೈದ್ಯರ ಕಣ್ಗಾವಲಿನಲ್ಲೇ ಆಗಬೇಕು, ಫಿಟ್ಸ್ ಇರುವವರಿಗಂತೂ ಖಂಡಿತ. ನಿಧಾನವಾಗಿ ಬಿಡುಗಡೆಯಾಗುವ ಎಸ್‌ಆರ್ ಮಾತ್ರೆಯನ್ನು ಮುರಿಯಬಾರದು, ಜಗಿಯಬಾರದು. ಗೋಡೆಯ ಕ್ಯಾಲೆಂಡರಿನ ಚೌಕಗಳಲ್ಲಿ ಪೆನ್ಸಿಲಿನಿಂದ "ಬೆ 75, ರಾ 150" ಅಂತ ಬರೆದಿಟ್ಟು, ಮನೆಗೆ ಹೋದಾಗಲೆಲ್ಲ ಅದನ್ನು ಓದಿ ನಮಗೆ ಫೋನ್ ಮಾಡಿದ ಮುಳಬಾಗಿಲು, ಶ್ರೀನಿವಾಸಪುರದ ಆಶಾ ಅಕ್ಕಂದಿರೇ, ಈ ಉಪಾಯ ನಿಮ್ಮದೇ.

ಕ್ರಿಯಾಟಿನಿನ್ ವರದಿ ಅದೇ ದಿನ ಕೊಟ್ಟ ಲ್ಯಾಬಿನವರನ್ನು ಮರೆಯುವಂತಿಲ್ಲ. ಈ ಔಷಧ ಹೆಚ್ಚುಕಡಿಮೆ ಹಾಗೆಹಾಗೇ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡ ರಕ್ತ ಸೋಸುವ ವೇಗ ಹೇಳುವ ಕ್ರಿಯಾಟಿನಿನ್ ಕ್ಲಿಯರೆನ್ಸ್ ನಿಮಿಷಕ್ಕೆ 60 ಮಿಲಿಲೀಟರ್‌ಗಿಂತ ಕೆಳಗಿಳಿದರೆ ಪ್ರಮಾಣ ಅರ್ಧವಾಗಬೇಕು, 30ಕ್ಕಿಂತ ಕೆಳಗಾದರೆ ಇನ್ನೂ ಕಡಿಮೆ. ವಯಸ್ಸಾದವರ ತಲೆಸುತ್ತು, ಕಾಲು ಬಾವು, ಬಚ್ಚಲಲ್ಲಿ ಬೀಳುವುದು ಎಷ್ಟೋ ಸಲ ವಯಸ್ಸಿನಿಂದಲ್ಲ, ಈ ಲೆಕ್ಕ ತಪ್ಪಿದ್ದರಿಂದ.

ತಾವೇ ಬರೆದ ಚೀಟಿಯನ್ನು ತಾವೇ ತಿದ್ದಿದ ವೈದ್ಯರ ದೊಡ್ಡತನಕ್ಕೆ ಕೈಮುಗಿಯುತ್ತೇವೆ. ಸೊಂಟದಿಂದ ಕಾಲಿಗಿಳಿಯುವ ಸಯಾಟಿಕಾ ನೋವಿಗೆ ಪ್ರಿಗಾಬಲಿನ್ ಔಷಧವೇ ಇಲ್ಲದ ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ ಎಂದು 2017ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತ್ತು. ಟೊಮೇಟೊ ಕ್ರೇಟು ಹೊತ್ತು ಸೊಂಟ ಹಿಡಿದವರಿಗೆ, ಫ್ಲೋರೈಡ್ ನೀರಿನಿಂದ ಬೆನ್ನು ಬಿಗಿದವರಿಗೆ ಸಾಲುಸಾಲಾಗಿ ಇದೇ ಕ್ಯಾಪ್ಸೂಲ್ ಬರೆಯುವುದನ್ನು ನಿಲ್ಲಿಸಿ ನೀವು ಫಿಸಿಯೋಥೆರಪಿಗೆ ಕಳಿಸಿದಿರಿ.

ಗಂಡನ ಕುಡಿತವನ್ನು ಮುಚ್ಚಿಡದೆ ಹೇಳಿದ ಅಕ್ಕಂದಿರೇ, ಒಂದು ಜೀವ ಉಳಿಯಲು ಅಷ್ಟು ಧೈರ್ಯ ಸಾಕಾಗಬಹುದು. ಮದ್ಯ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ನಿದ್ದೆ ಮಾತ್ರೆ, ಇವುಗಳಲ್ಲಿ ಯಾವುದರ ಜೊತೆ ಸೇರಿದರೂ ಪ್ರಿಗಾಬಲಿನ್ ಉಸಿರಾಟವನ್ನೇ ಕುಗ್ಗಿಸಬಹುದು. ಎಬ್ಬಿಸಿದರೂ ಏಳದ ಮಂಪರು, ನಿಧಾನವಾದ ಉಸಿರು ಕಂಡರೆ ಬೆಳಗಾಗಲಿ ಅನ್ನದೆ 108ಕ್ಕೆ ಕರೆ ಮಾಡಿ. ಚಟದ ವಿಚಾರ ಮಾತಾಡಲು 14446, ಮನಸ್ಸಿನ ಸಂಕಟಕ್ಕೆ ಟೆಲಿ ಮಾನಸ್‌ನ 14416 ಇವೆ.

ಕೊನೆಯ ರಾತ್ರಿ ಮಾತ್ರೆಯಲ್ಲೇ ನಿಂತಿರುವವರೂ ನಮ್ಮ ವಂದನೆಗೆ ಸೇರಿದವರು. 75ರಿಂದ ಸೊನ್ನೆಗೆ ಇಳಿಯುವ ಮೆಟ್ಟಿಲೇ ಎಲ್ಲರಿಗೂ ಕಷ್ಟ. ಮುಂದಿನ ಚೀಟಿಯಲ್ಲಿ 50 ಬರೆಯುತ್ತೇವೆ. 50ರ ಕ್ಯಾಪ್ಸೂಲ್ ಸ್ಟಾಕ್ ಇರಲ್ಲ, ಆದ್ರೂ ತರಿಸಿಕೊಡ್ತೀವಿ ಅಂದಿದ್ದಾರೆ ಅಂಗಡಿಯವರು.