ಏಜೆಂಟ್ ಓದುವ ಕೈಪಿಡಿ

ಮಾನ್ಯ ಸಂಪಾದಕರೇ,

ಎಐ ಬಂದರೆ ಕೆಲಸ ಹೋಗುತ್ತೆ ಅಂತ ದಿನಾ ಓದುತ್ತೇವೆ. ಕೈಪಿಡಿ ಬರೆಯುವ ನನಗೆ ಕೆಲಸ ಜಾಸ್ತಿಯೇ ಆಗಿದೆ. ಈಗ ಓದುಗನೇ ಯಂತ್ರ!

ಹೇಳಿದ ಕೋಡಿಂಗ್ ಕೆಲಸವನ್ನು ತಾನೇ ಮಾಡುವ ಎಐ ಏಜೆಂಟ್ ಕ್ಲಾಡ್ ಕೋಡ್‌ನಲ್ಲಿ ಬ್ಯಾಶ್‌ಔಟ್‌ಪುಟ್ ಎಂಬ ಟೂಲ್ ಬಂದಿತ್ತು. ಹಿನ್ನೆಲೆಯಲ್ಲಿ ಓಡುತ್ತಿರುವ ಕಮಾಂಡ್ ಏನು ಹೇಳಿತು ಎಂದು ಏಜೆಂಟ್ ಅದರಿಂದ ನೋಡುತ್ತಿತ್ತು. ಕಳೆದ ಸಲ ನೋಡಿದ ಮೇಲೆ ಬಂದ ಹೊಸ ಸಾಲುಗಳಷ್ಟೇ ಸಿಗುತ್ತಿದ್ದವು. ಇಂಥ ಪದವಿರುವ ಸಾಲು ಮಾತ್ರ ಬೇಕು ಎಂದು ಫಿಲ್ಟರ್ ಹಾಕಿದರೆ, ಅದಕ್ಕೆ ಹೊಂದದ ಸಾಲು ಮತ್ತೆ ಸಿಗುತ್ತಿರಲಿಲ್ಲ. ಈ ಕೊನೆಯ ಮಾತು ಏಜೆಂಟ್ ಓದುವ ಟೂಲ್ ವಿವರಣೆಯಲ್ಲೇ ಇತ್ತು. ನಾನೇ ಓದಿರಲಿಲ್ಲ. 'ಎರರ್' ಅಂತ ಫಿಲ್ಟರ್ ಹಾಕಿಸಿದೆ. ಟೆಸ್ಟ್ 'ಫೇಲ್ಡ್' ಎಂದು ಬರೆದಿತ್ತು. ಆ ಸಾಲು ಸಿಗಲೇ ಇಲ್ಲ. ಹೋಯ್ತು, ಅರ್ಧ ರಾತ್ರಿ!

ಮನುಷ್ಯನಾದರೆ ಪಕ್ಕದವರನ್ನು ಕೇಳುತ್ತಾನೆ. ಏಜೆಂಟ್‌ಗೆ ವಿವರಣೆಯ ಆ ನಾಲ್ಕು ಸಾಲೇ ಗತಿ, ಅಲ್ವಾ? ನಿಮ್ಮ ತಂತ್ರಜ್ಞಾನ ಪುಟದಲ್ಲಿ ಇಂಥ ವಿಷಯವೂ ಬರಲಿ.

– ಒಬ್ಬ ಕೈಪಿಡಿ ಬರಹಗಾರ್ತಿ, ಜಯನಗರ, ಬೆಂಗಳೂರು