ಸಣ್ಣಗೆ ಕೇಳುತ್ತೆ ಅಂದ್ಯಲ್ಲ

ಪುಟ್ಟಿ,

ಮನೆ ಸುದ್ದಿ ನಿಂಗೆ ಗೊತ್ತಿರೋದೇ, ಅದನ್ನ ಬಿಡು. ನಿನ್ ಪತ್ರದ ಕೊನೇಲಿ ಒಂದ್ ಸಾಲು ಬರ್ದಿದೀಯಲ್ಲ, "ಬೇರೆಯವ್ರ ಹಾಡಿನ ಪಕ್ಕ ನಂದು ಹಾಕಿದ್ರೆ ಸಣ್ಣಗೆ ಕೇಳುತ್ತೆ ಮಾವ, ಭಯ ಆಗುತ್ತೆ" ಅಂತ, ಅದನ್ನ ಓದಿ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ. ಆ ಭಯ ನಂಗೂ ಇತ್ತು ಕಣೇ, ಅದರ ಮಾತು ಕೇಳ್ಕೊಂಡೇ ಎಷ್ಟು ಹಾಡು ಹಾಳು ಮಾಡಿದೀನೋ ಲೆಕ್ಕ ಇಟ್ಟಿಲ್ಲ.

ಸೀಡಿ ಕಾಲ ಅದು, ರೆಕಾರ್ಡಾದ ಹಾಡುಗಳ ಸದ್ದನ್ನ ಕೊನೇಲಿ ಹದ ಮಾಡೋ ಕೆಲಸ ನಂದು. ಡಿಜಿಟಲ್‌ನಲ್ಲಿ 0 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಮೇಲೆ ಜಾಗ ಇಲ್ಲ, ಅದಕ್ಕೆ ಸದ್ದು ಮಿತಿ ಮೀರದಂಗೆ ತಡೆಯೋ ಲಿಮಿಟರ್ ಹಾಕಿ ಪೀಕ್, ಅಂದ್ರೆ ತೀರಾ ಜೋರಾಗಿ ಏಳೋ ತುದಿಗಳನ್ನ, ಅದುಮೋದು, ಮಿಕ್ಕಿದ್ದನ್ನೆಲ್ಲ ಮೇಲಕ್ಕೆತ್ತೋದು, ಇನ್ನೊಬ್ಬ 1 ಡಿಬಿ ಎತ್ತಿದ್ರೆ ನಾವು 2. ಒಂದ್ಸಲ ಒಬ್ಬ ಹುಡುಗಿ ತುಂಬ ಮೆತ್ತಗೆ ಹಾಡಿದ್ಲು. ಎರಡನೇ ಚರಣಕ್ಕೆ ಮುಂಚೆ ಉಸಿರು ಎಳ್ಕೊತಾಳೆ, ಆಮೇಲೆ ಡ್ರಮ್ಸ್ ಬರುತ್ತೆ. ಲಿಮಿಟರ್ ಎಷ್ಟು ಅದುಮ್ತಿದೆ ಅಂತ ಹೇಳೋ ಗೇನ್ ರಿಡಕ್ಷನ್ ಮೀಟರ್ 8 ಡಿಬಿ ತೋರಿಸ್ತಿತ್ತು, ನಂಗೋ ಖುಷಿ. ಮುಗಿಸಿ ಕೇಳಿದ್ರೆ ಆ ಉಸಿರು ಹೆಚ್ಚುಕಮ್ಮಿ ಚರಣದಷ್ಟೇ ಜೋರು, ಕಿಕ್ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್) ಬಿದ್ದಾಗೆಲ್ಲ ಅವಳ ದನಿ ಹಿಂದಕ್ಕೋಗಿ ಮತ್ತೆ ಮುಂದಕ್ಕೆ ಬರೋದು. ಅವಳು ಬೈಲಿಲ್ಲ. "ನಾನು ಹೀಗಾ ಹಾಡಿದ್ದು?" ಅಂದ್ಲು ಅಷ್ಟೇ. ವಾಪಸ್ ಸರಿ ಮಾಡ್ಬೋದಿತ್ತು, ಸಣ್ಣಗೆ ಕೇಳ್ಬಿಟ್ರೆ ಅಂತ ಮಾಡ್ಲಿಲ್ಲ.

ಈಗ ಅಷ್ಟು ಹೆದರೋ ಅಗತ್ಯನೂ ಇಲ್ವಲ್ಲೇ. ಸ್ಪಾಟಿಫೈ ಮಾಮೂಲಿ ಸೆಟ್ಟಿಂಗ್‌ನಲ್ಲಿ ಹಾಡನ್ನ -14 ಎಲ್‌ಯುಎಫ್‌ಎಸ್‌ಗೆ (ಹಾಡು ಒಟ್ಟಾರೆ ಕಿವಿಗೆ ಎಷ್ಟು ಜೋರು ಅನ್ನೋ ಅಳತೆ) ತಂದು ನಿಲ್ಲಿಸುತ್ತೆ, ನೀನು ಕಷ್ಟಪಟ್ಟು -8ಕ್ಕೆ ತಳ್ಳಿ ಕಳ್ಸಿದ್ರೆ ಅದು ಸಲೀಸಾಗಿ 6 ಡಿಬಿ ಇಳಿಸುತ್ತೆ, ಚಪ್ಪಟೆಯಾದ ಡ್ರಮ್ ಮಾತ್ರ ಚಪ್ಪಟೆಯಾಗೇ ಇರುತ್ತೆ. ಹಾಗಂತ 14 ಅನ್ನೋದು ವೇದವಾಕ್ಯ ಏನಲ್ಲ, ಕೇಳೋರು ಆ ಸೆಟ್ಟಿಂಗ್ ಆಫ್ ಮಾಡಿದ್ರೆ ನಿಂದು ಸಣ್ಣಗೇ ಕೇಳುತ್ತೆ, ಸುಳ್ಳು ಯಾಕೆ ಹೇಳ್ಲಿ. ಕೇಳ್ಲಿ ಬಿಡು, ವಾಲ್ಯೂಮ್ ಅವರ ಕೈಲೇ ಇದೆಯಲ್ಲ.

ಅಂದ್ಹಾಗೆ ಪಕ್ಕ ಇಟ್ಟು ಹೋಲಿಸ್ದೆ ಅಂದ್ಯಲ್ಲ, ಆ ಇನ್ನೊಂದು ಹಾಡನ್ನ ನಿನ್ನ ಲೆವೆಲ್‌ಗೆ ಇಳಿಸಿ ಕೇಳಿದ್ಯಾ? ಇಳಿಸಿರಲ್ಲ. ಜೋರಾದಾಗ ಬಾಸ್ ತುಂಬಿ ಬಂದಂಗೆ ಕೇಳೋದು ಕಿವಿಯ ಗುಣ, 1933ರಲ್ಲೇ ಫ್ಲೆಚರ್, ಮನ್ಸನ್ ಅನ್ನೋರು ಅಳೆದು ತೋರಿಸಿದಾರೆ. ನಾನು ಅದನ್ನ ಪುಸ್ತಕದಲ್ಲಿ ಓದಿಯೂ ನಂಬಿರ್ಲಿಲ್ಲ.

ಇನ್ನೇನ್ ಹೇಳೋದು, ನಿಂಗೆ ನಂಗಿಂತ ಜಾಸ್ತಿ ಗೊತ್ತಿರುತ್ತೆ. ಲಿಮಿಟರ್‌ನ ಸೀಲಿಂಗ್, ಅಂದ್ರೆ ಸದ್ದು ದಾಟಬಾರದ ಮೇಲಿನ ಮಿತಿ, -1 ಡಿಬಿ ಟ್ರೂ ಪೀಕ್‌ನಲ್ಲಿಡು (ಪ್ಲೇ ಆದಾಗ ಸದ್ದು ನಿಜವಾಗಿ ಏಳೋ ತುದಿಯ ಲೆಕ್ಕ), ಎಂಪಿ3 ಮಾಡುವಾಗ ಪೀಕ್ ಮೇಲಕ್ಕೆ ಹಾರುತ್ತೆ. ರಿಲೀಸ್, ಅಂದ್ರೆ ಅದುಮಿದ್ದನ್ನ ಲಿಮಿಟರ್ ಬಿಡೋ ವೇಗ, ತೀರಾ ಫಾಸ್ಟ್ ಇಟ್ರೆ ಬಾಸ್ ಒಡ್ಕಲಾಗುತ್ತೆ. 2-3 ಡಿಬಿಗಿಂತ ಜಾಸ್ತಿ ಅದುಮಬೇಕು ಅನ್ಸಿದ್ರೆ ತಪ್ಪು ಮಿಕ್ಸ್‌ನಲ್ಲೇ ಇರ್ಬೋದು, ಕಿಕ್ಕು ಬಾಸು ಒಂದೇ ಜಾಗಕ್ಕೆ ಕಿತ್ತಾಡ್ತಿದ್ಯಾ ನೋಡು. ಇದೆಲ್ಲ ಹಳೇ ಕಾಲದೋನ ಮಾತು, ಬೇಡ ಅಂದ್ರೆ ಬಿಟ್ಬಿಡು.

ಮಾನಿಟರ್ ಸ್ಪೀಕರ್ ಮಾತ್ರ ಮೆಲ್ಲಗಿಟ್ಕೊ. ನಂಗೀಗ ಎಡಗಿವೀಲಿ ಡ್ರಮ್ಸ್‌ನ ಸಿಂಬಲ್ ತಾಳದ ಸದ್ದು ಅರ್ಧ ಕೇಳಲ್ಲ.

ಲಿಮಿಟರ್ ತೆಗ್ದಿರೋ ಫೈಲ್ ಒಂದ್ ಕಳ್ಸು. ಸಣ್ಣಗಿದ್ರೆ ಇರ್ಲಿ, ನಾನೇ ವಾಲ್ಯೂಮ್ ಜಾಸ್ತಿ ಮಾಡ್ಕೊತೀನಿ.

ಮಾವ